ಹಳೆಯ ಮಸೂರವೂ ಔಚಿತ್ಯವಿಚಾರವೂ

೧

ಕನ್ನಡದಲ್ಲಿ ಇಂದಿಗೆ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ರಚಿತವಾದಾಗಲೇ ಅದರ ಕರ್ತೃವಿಗೆ ಹಳಗನ್ನಡವೆಂಬುದೊಂದು ಸಮಸ್ಯೆಯಾಗಿ ತೋರಿದ್ದಿತು. ಹಿಂದಿನವರ ಕಾವ್ಯಗಳಲ್ಲಿ ಒಪ್ಪುತ್ತಿದ್ದ ಹಳೆಯ ಪ್ರಯೋಗಗಳನ್ನು ಹೆಕ್ಕಿ ತಂದು ಹೊಸ ಕಾವ್ಯಗಳಲ್ಲಿ ಸೇರಿಸುವ ಚಾಪಲ್ಯವನ್ನು ಕಂಡು ಆತನು ಒಂದು ತೀರ್ಪನ್ನು ಕೊಟ್ಟಿದ್ದಾನೆ: ಆ ಪದಗಳು ಪುರಾತನ ಕಾವ್ಯಗಳಲ್ಲಿ ಆ ಕಾಲಕ್ಕೆ ಸೊಗಯಿಸುತ್ತಿದ್ದುವು, ಈಗಿನ ದೇಸಿಯಲ್ಲಿ ಅವು ವಿರಸವನ್ನುಂಟುಮಾಡುವುವು. ಹಳೆಯದು ಹಳೆಯದಾದುದರಿಂದಲೇ ಹೀನವೆಂದು ಆತನು ಹೇಳಲಿಲ್ಲ. ತನ್ನ ಸ್ಥಾನವನ್ನು ಬಿಟ್ಟು ಬಂದ ಹಳತು ತನ್ನ ಸೊಗಸನ್ನೂ ಬಿಟ್ಟು ಬರುವುದೆಂದು ಹೇಳಿದನು. ಹನ್ನೊಂದು ಶತಮಾನಗಳು ಕಳೆದ ಮೇಲೆ ಅದೇ ಪ್ರಶ್ನೆಯು, ಆತನು ಕನಸಿನಲ್ಲಿಯೂ ಕಾಣದಿದ್ದ ಒಂದು ಕಲೆಯಲ್ಲಿ, ಎಂದರೆ ಛಾಯಾಚಿತ್ರಕಲೆಯಲ್ಲಿ, ಮತ್ತೆ ತಲೆಯೆತ್ತಿದೆ.

ಹೊಸ ಕ್ಯಾಮರಾಗಳಿಗೆ ಹಳೆಯ ಮಸೂರಗಳನ್ನು, ಜನರು ಲೆನ್ಸು ಎಂದು ಕರೆಯುವ ಗಾಜಿನ ಕಣ್ಣುಗಳನ್ನು, ಜೋಡಿಸಿ ಚಿತ್ರ ತೆಗೆಯುವ ರೂಢಿಯು ಈಗ ಎಲ್ಲ ದೇಶಗಳಲ್ಲಿಯೂ ಹಬ್ಬಿದೆ. ಐವತ್ತು ಎಂಬತ್ತು ವರ್ಷಗಳ ಹಿಂದೆ ಜರ್ಮನಿ, ರಷ್ಯ, ಜಪಾನು ದೇಶಗಳಲ್ಲಿ ತಯಾರಾದ ಮಸೂರಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಇದಕ್ಕೆ ಯಂತ್ರರಚನೆಯಲ್ಲಿಯೇ ಒಂದು ಅನುಕೂಲವುಂಟು. ಒಳಗೆ ಕನ್ನಡಿಯಿದ್ದ ಹಿಂದಿನ ಕ್ಯಾಮರಾಗಳಲ್ಲಿ ಮಸೂರದ ಪೀಠಕ್ಕೂ ಬಿಂಬ ಬೀಳುವ ತಲಕ್ಕೂ ನಡುವೆ ಸಾಕಷ್ಟು ಎಡೆಯಿರಬೇಕಾಗಿದ್ದಿತು. ಬಹುಬಳಕೆಯ ೪೨ ಮಿಲಿಮೀಟರು ತಿರುಪಿನ ಮಸೂರಗಳಲ್ಲಿ ಅದು ೪೫.೪೬ ಮಿಲಿಮೀಟರು. ಕನ್ನಡಿಯಿಲ್ಲದ ಇಂದಿನ ಪ್ರಸಿದ್ಧ ಕ್ಯಾಮರಾಗಳಲ್ಲಿ ಈ ಎಡೆಯು ೧೬ರಿಂದ ೨೦ ಮಿಲಿಮೀಟರಿಗೆ ಇಳಿದಿದೆ. ಉಳಿದ ಅಂತರವನ್ನು ಒಂದು ಟೊಳ್ಳು ಬಳೆಯಿಂದ ತುಂಬಿದರಾಯಿತು; ತಾತನ ಕಣ್ಣು ಮೊಮ್ಮಗನ ಮುಖದಲ್ಲಿ ಕುಳಿತು ನೋಡತೊಡಗುವುದು.

ಚಿತ್ರದುರ್ಗದ ಕೋಟೆಯ ಬತೇರಿಗಳ ಮೇಲೆಯೂ, ಭೀಮಸಮುದ್ರದ ಕೆರೆಯ ಏರಿಯ ಮೇಲೆಯೂ, ಅಲ್ಲಿಯ ಅಡಕೆತೋಟಗಳ ನೆರಳಿನಲ್ಲಿಯೂ ನಿಂತು ಚಿತ್ರ ತೆಗೆಯುವ ತರುಣರಿಗೆ ಈ ಬಯಕೆಯು ಸಹಜವಾಗಿಯೇ ಹತ್ತುವುದು. ಸ್ಥಳವು ಹಳೆಯದು, ಆದುದರಿಂದ ನೋಟವೂ ಹಳೆಯದಾಗಿ ಕಾಣಲಿ ಎಂಬುದು ಅವರ ತರ್ಕ. ಮದುವೆಗೆ ಮುಂಚೆ ವಧೂವರರನ್ನು ತೋಟಕ್ಕೆ ಕರೆದೊಯ್ದು ತೆಗೆಯುವ ಚಿತ್ರಗಳಿಗೂ ಇದೇ ತರ್ಕವನ್ನು ಅನ್ವಯಿಸುವರು. ಈ ತರ್ಕವು ಎಷ್ಟರಮಟ್ಟಿಗೆ ನಿಲ್ಲುವುದು, ಹಳೆಯ ಮಸೂರವನ್ನು ಎಲ್ಲಿ ಆರಿಸಬೇಕು, ಎಲ್ಲಿ ಬಿಡಬೇಕು ಎಂಬುದು ಇಲ್ಲಿಯ ವಿಚಾರ. ಇದು ಕೇವಲ ಯಂತ್ರದ ಮಾತಲ್ಲ. ಹಿಂದಿನ ಕಾಲವನ್ನು ಇಂದಿನವರು ಹೇಗೆ ಕಾಣಬೇಕೆಂಬ ಮಾತು.

೨

ಮೊದಲು ‘ಹಳೆಯ ನೋಟ’ವೆಂಬುದು ಯಾವ ಯಾವ ಅಂಶಗಳಿಂದ ಆಗಿದೆಯೆಂಬುದನ್ನು ಬಿಡಿಸಿ ನೋಡಬೇಕು. ಶಾಸ್ತ್ರದೃಷ್ಟಿಯಿಂದ ಅವೆಲ್ಲವೂ ದೋಷಗಳೇ.

ವಿಯೆನ್ನಾ ನಗರದಲ್ಲಿದ್ದ ಗಣಿತಶಾಸ್ತ್ರಜ್ಞ ಜೋಸೆಫ್ ಪೆಟ್ಸ್‌ವಾಲನು ೧೮೪೦ರಲ್ಲಿ ಲೆಕ್ಕಹಾಕಿ ರೂಪಿಸಿದ ಮಸೂರವು ಮನುಷ್ಯರ ಮುಖವನ್ನು ಚಿತ್ರಿಸುವುದಕ್ಕೆಂದೇ ಹುಟ್ಟಿದುದು. ಮಸೂರದ ರಂಧ್ರವನ್ನು ಎಫ್ ಎಂಬ ಸಂಖ್ಯೆಯಿಂದ ಅಳೆಯುವರು. ಸಂಖ್ಯೆಯು ಚಿಕ್ಕದಾದಷ್ಟೂ ರಂಧ್ರವು ದೊಡ್ಡದು, ಒಳಹೋಗುವ ಬೆಳಕು ಹೆಚ್ಚು. ಪೆಟ್ಸ್‌ವಾಲನದು ಎಫ್ ೩.೬. ಅದಕ್ಕೆ ಮುಂಚೆ ನಿಮಿಷಗಟ್ಟಲೆ ಕದಲದೆ ಕುಳಿತಿರಬೇಕಾಗಿದ್ದ ಜನರಿಗೆ ಇದರಿಂದ ದೊಡ್ಡ ಬಿಡುಗಡೆಯಾಯಿತು. ಆದರೆ ಈ ಲಾಭಕ್ಕೆ ಆತನು ಅಂಚಿನ ಸ್ಪಷ್ಟತೆಯನ್ನು ಬೆಲೆಯಾಗಿ ತೆತ್ತನು. ಚಿತ್ರದ ನಡುವು ಸೂಜಿಯ ಮೊನೆಯಂತೆ ತೀಕ್ಷ್ಣ; ಬಿಂಬದ ತಲವು ಬಟ್ಟಲಿನಂತೆ ಬಾಗಿರುವುದರಿಂದ ಅಂಚುಗಳು ಕರಗಿಹೋಗುವುವು. ಜರ್ಮನಿಯ ಜೈಸ್ ಕಾರ್ಖಾನೆಯು ೧೯೩೦ರ ದಶಕದಲ್ಲಿ ಹೊರತಂದ ಬಯೋಟಾರ್ ಮಸೂರವನ್ನನುಸರಿಸಿ ಎರಡನೆಯ ಮಹಾಯುದ್ಧದ ಅನಂತರ ರಷ್ಯದಲ್ಲಿ ಮಾಡಿದ ಹೀಲಿಯೋಸ್ ಮಸೂರವು, ೫೮ ಮಿಲಿಮೀಟರು ನಾಭಿದೂರ ಮತ್ತು ಎಫ್ ೨ ರಂಧ್ರವುಳ್ಳದ್ದು, ಇಂದು ಹಳೆಯ ನೋಟವನ್ನು ಬಯಸುವವರ ಕೈಯಲ್ಲಿ ಹೆಚ್ಚಾಗಿ ಕಾಣಬರುವುದು. ಅಂಚಿನ ಕಡೆಗೆ ಓರೆಯಾಗಿ ಬರುವ ಬೆಳಕನ್ನು ಅದರ ಕೊಳವೆಯೇ ಅಡ್ಡಗಟ್ಟುವುದರಿಂದ, ಹಿನ್ನೆಲೆಯ ಬೆಳಕಿನ ಚುಕ್ಕೆಗಳು ದುಂಡಗಿರದೆ ಬೆಕ್ಕಿನ ಕಣ್ಣಿನಂತೆ ಕಿರಿದಾಗಿ, ಚಿತ್ರದ ನಡುವನ್ನು ಸುತ್ತುವ ಸುಳಿಯಂತೆ ತೋರುವುವು.

ಎರಡನೆಯದು ಹೊಗೆಯಂಥ ಕಾಂತಿ. ಮಸೂರದ ನಡುವೆ ಹಾಯ್ದ ಕಿರಣವೂ ಅಂಚಿನಲ್ಲಿ ಹಾಯ್ದ ಕಿರಣವೂ ಒಂದೇ ಬಿಂದುವಿನಲ್ಲಿ ಕೂಡದೆ ಹೋದರೆ, ಸ್ಪಷ್ಟವಾದ ಬಿಂಬದ ಮೇಲೆ ಅಸ್ಪಷ್ಟವಾದೊಂದು ಬಿಂಬವು ತೆಳುವಾದ ಸೆರಗಿನಂತೆ ಹರಡಿಕೊಳ್ಳುವುದು. ಮೂರನೆಯದು ಮಬ್ಬು. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಾದರೂ ಹಿಂದಕ್ಕೆ ಹೊಡೆಯುವುದು. ಇಂಗ್ಲೆಂಡಿನ ಹೆರಾಲ್ಡ್ ಡೆನಿಸ್ ಟೇಲರನು ೧೮೯೩ರಲ್ಲಿ ಹಕ್ಕುಪಡೆದ ಮೂರು ಗಾಜಿನ ಮಸೂರದಲ್ಲಿ ಇಂಥ ಮೈಗಳು ಆರು. ಒಟ್ಟಿನಲ್ಲಿ ನೂರಕ್ಕೆ ಇಪ್ಪತ್ತೆರಡು ಪಾಲಿನಷ್ಟು ಬೆಳಕು ನೆಟ್ಟಗೆ ಹಾಯದೆ ಹೋಗುವುದು. ಅದರಲ್ಲಿ ಒಂದಷ್ಟು ಒಳಗೇ ಅಲೆದಾಡಿ ಕಪ್ಪಿರಬೇಕಾದ ಸ್ಥಳದಲ್ಲಿ ಬೂದಿಯನ್ನು ಬಳಿಯುವುದು. ಇದೇ ಟೇಲರನು, ಕಾಲಕಳೆದು ಮೈ ಬಣ್ಣಗೆಟ್ಟ ಕೆಲವು ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಹಾಯಿಸುವುವೆಂಬುದನ್ನು ಕಂಡನು. ಗಾಜಿನ ಮೇಲೆ ಹುಟ್ಟಿದ ಅತಿ ತೆಳುವಾದ ಪದರವು ಪ್ರತಿಫಲನವನ್ನು ತಗ್ಗಿಸುತ್ತಿದ್ದಿತು. ಆ ಪದರವನ್ನು ಬುದ್ಧಿಪೂರ್ವಕವಾಗಿ ಕೂಡಿಸುವ ಉಪಾಯವನ್ನು ಜೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲಾ ೧೯೩೫ರಲ್ಲಿ ಸಾಧಿಸಿದನು. ಮುಪ್ಪಿನಿಂದ ಕಲಿತ ಪಾಠವೇ ಮಸೂರಕ್ಕೆ ಹೊಸ ಯೌವನವನ್ನು ಕೊಟ್ಟಿತೆಂಬುದು ಇಲ್ಲಿಯ ಚಮತ್ಕಾರ.

ದೋಷಗಳು ಇವು. ಆದರೆ ದೋಷವೆಂದ ಮಾತ್ರಕ್ಕೆ ತ್ಯಾಜ್ಯವೆಂದು ಅಲಂಕಾರಶಾಸ್ತ್ರವನ್ನು ಬಲ್ಲವರು ಹೇಳಲಾರರು. ಹೆಚ್ಚುಕಡಮೆ ಕವಿರಾಜಮಾರ್ಗದ ಕಾಲದಲ್ಲಿಯೇ ಕಾಶ್ಮೀರದಲ್ಲಿದ್ದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಅನಿತ್ಯದೋಷಗಳ ವಿಚಾರವನ್ನು ಎತ್ತಿದ್ದಾನೆ. ಕಿವಿಗೆ ಕರ್ಕಶವಾದ ಅಕ್ಷರಗಳು ಶೃಂಗಾರಕ್ಕೆ ದೋಷ. ಅವೇ ಅಕ್ಷರಗಳು ರೌದ್ರಕ್ಕೆ ಪೋಷಕ. ದೋಷವು ಅಕ್ಷರದಲ್ಲಿಲ್ಲ, ರಸದೊಡನೆ ಅದಕ್ಕಿರುವ ಸಂಬಂಧದಲ್ಲಿದೆ. ಮಸೂರದ ಸುಳಿ, ಕಾಂತಿ, ಮಬ್ಬುಗಳೂ ಹಾಗೆಯೇ ಅನಿತ್ಯದೋಷಗಳು. ಆದುದರಿಂದ ‘ಯಾವ ಮಸೂರವು ಹಳೆಯ ನೋಟವನ್ನು ಕೊಡುವುದು?’ ಎಂದು ಮೊದಲು ಕೇಳುವುದು ಪ್ರಶ್ನೆಯನ್ನು ತಲೆಕೆಳಗು ಮಾಡಿದಂತೆ. ‘ಈ ವಸ್ತುವಿಗೆ ಯಾವ ದೋಷವು ಗುಣವಾಗಬಲ್ಲುದು?’ ಎಂಬುದು ಮೊದಲನೆಯ ಪ್ರಶ್ನೆ.

೩

ಇನ್ನು, ನಿಜವಾಗಿಯೂ ಹಳೆಯವಾದ ಚಿತ್ರಗಳು ಹೇಗಿವೆಯೆಂಬುದನ್ನು ನೋಡಬೇಕು. ಈ ಪರೀಕ್ಷೆಯನ್ನು ಮಾಡದೆಯೇ ಹಳೆಯ ನೋಟದ ಮಾತನಾಡುವವರು ಹೆಚ್ಚು.

ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು ೧೮೫೬ರಲ್ಲಿ ಹಂಪೆಯ ಅವಶೇಷಗಳನ್ನು ದೊಡ್ಡ ಅಳತೆಯ ಕಾಗದದ ನೆಗೆಟಿವುಗಳ ಮೇಲೆ ಚಿತ್ರಿಸಿದನು. ಕನ್ನಡನಾಡಿನ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಇವು ಸೇರುವುವು. ಕಲ್ಲಿನ ಸಂದುಗಳು, ಕಂಬಗಳ ಕೆತ್ತನೆಯ ಏರುತಗ್ಗುಗಳು ಇವುಗಳಲ್ಲಿ ನಿಚ್ಚಳವಾಗಿ ಕಾಣುವುವು. ಸುಳಿಯೂ ಇಲ್ಲ, ಕನಸಿನ ಹೊಗೆಯೂ ಇಲ್ಲ. ಅಲ್ಪಸ್ವಲ್ಪ ಮೃದುತ್ವವಿದ್ದರೆ ಅದು ಕಾಗದದ ನಾರಿನಿಂದ ಬಂದುದೇ ಹೊರತು ಮಸೂರದಿಂದಲ್ಲ. ಆ ಕಾಲದ ಚಿತ್ರಕಾರರು ರಂಧ್ರವನ್ನು ಕಿರಿದುಮಾಡಿ, ಕ್ಯಾಮರಾವನ್ನು ಕದಲದಂತೆ ನಿಲ್ಲಿಸಿ, ನಿಮಿಷಗಟ್ಟಲೆ ಬೆಳಕನ್ನು ಕುಡಿಸಿ, ಸ್ಪಷ್ಟತೆಯನ್ನು ಬೇಟೆಯಾಡುತ್ತಿದ್ದರು. ಇಂದಿನ ತರುಣನು ಮಾಡುವುದು ಇದಕ್ಕೆ ನೇರವಾಗಿ ವಿರುದ್ಧ: ಹಳೆಯ ಮಸೂರದ ರಂಧ್ರವನ್ನು ಪೂರ್ತಿ ತೆರೆದಿಟ್ಟು, ಹಳಬರು ಯಾವುದರಿಂದ ಪಾರಾಗಲು ಶ್ರಮಿಸಿದರೋ ಅದನ್ನೇ ಅವರ ಹೆಸರಿನಲ್ಲಿ ಮೆರೆಯಿಸುವನು.

ಹಾಗಾದರೆ ಗ್ರೀನ್‌ಲಾನ ಚಿತ್ರಗಳು ಹಳೆಯವೆಂದು ನೋಡಿದೊಡನೆ ತೋರುವುದೇಕೆ? ಕಾರಣಗಳು ಬೇರೆಡೆಯಲ್ಲಿವೆ. ಅಂದಿನ ರಾಸಾಯನಿಕಗಳಿಗೆ ನೀಲಿಯ ಕಡೆಯ ಬೆಳಕು ಮಾತ್ರ ತಾಕುತ್ತಿದ್ದುದರಿಂದ ಆಕಾಶವು ಬರಿಯ ಬಿಳುಪು. ದೀರ್ಘಕಾಲದ ಬೆಳಕಿನಲ್ಲಿ ನಡೆದಾಡುವವರು ಗುರುತೇ ಉಳಿಯದಂತೆ ಅಳಿಸಿಹೋಗುವುದರಿಂದ ಎಲ್ಲೆಲ್ಲಿಯೂ ನಿರ್ಜನತೆ. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರದಲ್ಲಿರುವ ವಸ್ತುವೇ ಬೇರೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಈ ಚಿತ್ರದಲ್ಲಿದೆ. ಇಂದು ರಥದ ಮೇಲೆ ಅದು ಇಲ್ಲ. ಆಸ್ಟ್ರೇಲಿಯದ ಛಾಯಾಚಿತ್ರಕಾರ ಜಾನ್ ಗಾಲಿಂಗ್ಸ್ ೧೯೮೦ರ ದಶಕದಲ್ಲಿ ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ ನಿಂತು ಅದೇ ನೋಟಗಳನ್ನು ಮರಳಿ ಚಿತ್ರಿಸಿದಾಗ, ಎರಡು ಚಿತ್ರಗಳ ನಡುವೆ ಮಾತನಾಡಿದುದು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳೇ ಹೊರತು ಮಸೂರಗಳಲ್ಲ. ಗ್ರೀನ್‌ಲಾನು ಮಬ್ಬನ್ನು ಬಯಸಿ ಚಿತ್ರ ತೆಗೆದಿದ್ದರೆ ಆ ಇಟ್ಟಿಗೆಯ ಶಿಖರವು ಒಂದು ಕಲೆಯಾಗಿ ಉಳಿಯುತ್ತಿದ್ದಿತು, ಇತಿಹಾಸಕ್ಕೆ ಸಾಕ್ಷಿಯಾಗುತ್ತಿರಲಿಲ್ಲ.

ಮನೆಗಳ ಗೋಡೆಯ ಮೇಲಿರುವ ಹಿರಿಯರ ಪಟಗಳ ವಿಷಯವೂ ಇಷ್ಟೇ. ಅವುಗಳಲ್ಲಿ ಹಣೆಯ ಕುಂಕುಮವು ಕಪ್ಪಾಗಿ ಕಾಣುವುದು ಕೆಂಪು ಬೆಳಕಿಗೆ ಕುರುಡಾಗಿದ್ದ ಫಲಕಗಳಿಂದ. ಹಳದಿ ತಿರುಗಿರುವುದು ತೊಳೆಯದೆ ಉಳಿದ ರಾಸಾಯನಿಕದಿಂದಲೋ ಕಾಗದದ ಮುಪ್ಪಿನಿಂದಲೋ. ಕಂದುಬಣ್ಣವಿರುವಲ್ಲಿ ಅದು ಅನೇಕವೇಳೆ ಮಾಸಲೆಂದು ಮಾಡಿದುದಲ್ಲ, ಮಾಸದಿರಲೆಂದು ಮಾಡಿದುದು. ಬೆಳ್ಳಿಯನ್ನು ಗಂಧಕದೊಡನೆ ಕೂಡಿಸಿ ಸ್ಥಿರಪಡಿಸುವ ಕ್ರಮ ಅದು. ಮುಖವು ಗಂಭೀರವಾಗಿರುವುದು ಕದಲಬಾರದೆಂಬ ಎಚ್ಚರದಿಂದ. ಇವುಗಳಲ್ಲಿ ಒಂದಾದರೂ ಮಸೂರದ ಕೃತಿಯಲ್ಲ. ಬಣ್ಣದ ಚಲನಚಿತ್ರಗಳಿಗೂ ಈ ಮಾತು ಸಲ್ಲುವುದು. ಪುಟ್ಟಣ್ಣ ಕಣಗಾಲರು ತ. ರಾ. ಸುಬ್ಬರಾಯರ ಕಾದಂಬರಿಗಳಿಂದ ತೆಗೆದ ‘ನಾಗರಹಾವು’ (೧೯೭೨) ಚಿತ್ರದಲ್ಲಿ ದುರ್ಗದ ಬಂಡೆಗಳು ಚಿಟ್ಟಿಬಾಬು ಅವರ ಛಾಯಾಗ್ರಹಣದಲ್ಲಿ ಒಂದು ಪಾತ್ರವೇ ಆಗಿ ನಿಂತಿವೆ. ಆ ಕಾಲದ ವರ್ಣಫಿಲ್ಮಿನ ಪ್ರತಿಗಳಲ್ಲಿ ಬಣ್ಣಗಳೆಲ್ಲವೂ ಸಮನಾಗಿ ಬಾಳುತ್ತಿರಲಿಲ್ಲ. ಹಸಿರು ನೀಲಿಗಳು ಬೇಗ ಮಾಸಿ ಕೆಂಪು ಉಳಿಯುವುದು ಸಾಮಾನ್ಯ. ಮಾಸಿದ ಪ್ರತಿಯನ್ನು ನೋಡಿ ಅದನ್ನೇ ಆ ಕಾಲದ ಬಣ್ಣವೆಂದು ಭಾವಿಸಿ ಅನುಕರಿಸುವುದು, ಮುಕ್ಕಾದ ವಿಗ್ರಹವನ್ನು ನೋಡಿ ಹೊಸ ವಿಗ್ರಹದ ಮೂಗನ್ನು ಒಡೆದಂತೆ.

೪

ಸ್ಪಷ್ಟತೆಯೊಂದೇ ಗುರಿಯಾಗಿರಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಲ್ಕತ್ತೆಯಲ್ಲಿ ೧೮೧೫ರಲ್ಲಿ ಹುಟ್ಟಿ ಸಿಂಹಳದಲ್ಲಿ ೧೮೭೯ರಲ್ಲಿ ತೀರಿಕೊಂಡ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬ ಮಹಿಳೆಯು ಇಂಗ್ಲೆಂಡಿನಲ್ಲಿ ತೆಗೆದ ಮುಖಚಿತ್ರಗಳು ತಮ್ಮ ಕಾಲದ ಛಾಯಾಚಿತ್ರ ಪತ್ರಿಕೆಗಳಿಂದ ಅಸ್ಪಷ್ಟವೆಂಬ ನಿಂದೆಗೆ ಗುರಿಯಾದುವು. ಇಂದು ಅವು ಆ ಶತಮಾನದ ಉತ್ತಮೋತ್ತಮ ಮುಖಚಿತ್ರಗಳೆಂದು ಎಣಿಸಲ್ಪಟ್ಟಿವೆ. ಆದರೆ ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆಕೆಯ ಮಸೂರಗಳು ಆಕೆಯ ಕಾಲಕ್ಕೆ ಹೊಸವು. ಮೃದುತ್ವವನ್ನು ಆಕೆ ಆರಿಸಿಕೊಂಡುದು ಹಳೆಯದಾಗಿ ಕಾಣಲೆಂದಲ್ಲ. ಚರ್ಮದ ಸುಕ್ಕನ್ನು ದಾಟಿ ಒಳಗಿನ ಮನಸ್ಸು ಕಾಣಲೆಂದು. ದೋಷವು ಅಲ್ಲಿ ರಸದ ಸೇವೆಯಲ್ಲಿದ್ದಿತು. ಆದುದರಿಂದ ಅದು ಗುಣವಾಯಿತು.

ಇದಕ್ಕೆ ಪ್ರತಿಯಾಗಿ, ಕಳೆದ ಕಾಲವನ್ನು ಹೊಸ ಸಾಧನದಿಂದಲೇ ಕಟ್ಟಿದವರುಂಟು. ಮೈಸೂರಿನವರಾದ ವಿ. ಕೆ. ಮೂರ್ತಿಗಳು ಗುರುದತ್ತರಿಗಾಗಿ ಛಾಯಾಗ್ರಹಣ ಮಾಡಿದ ‘ಕಾಗಜ್ ಕೇ ಫೂಲ್’ (೧೯೫೯) ಚಿತ್ರವು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ತನ್ನ ವೈಭವದ ದಿನಗಳನ್ನು ನೆನೆಯುವ ನಿರ್ದೇಶಕನೊಬ್ಬನ ಕಥೆ ಅದು. ಅದರ ಉಸಿರೇ ಗತಕಾಲ. ಆದರೂ ಮೂರ್ತಿಗಳು ಬಳಸಿದುದು ಆ ಹೊತ್ತಿಗೆ ಅತಿ ನೂತನವಾಗಿದ್ದ, ನೋಟವನ್ನು ಅಗಲಕ್ಕೆ ಹಿಗ್ಗಿಸುವ ಮಸೂರವನ್ನು. ಬರಿದಾದ ಚಿತ್ರಶಾಲೆಯಲ್ಲಿ ಮೇಲಿನಿಂದ ಇಳಿದು ಬರುವ ಆ ಪ್ರಸಿದ್ಧ ಬೆಳಕಿನ ಕಂಬವನ್ನು ಅವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಪಡೆದರು. ಗತಕಾಲವು ಅಲ್ಲಿ ಗಾಜಿನ ಮುಪ್ಪಿನಿಂದ ಬಂದುದಲ್ಲ, ಬೆಳಕಿನ ವಿವೇಕದಿಂದ ಬಂದುದು. ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವವು ದೊರೆತುದು ಅದೇ ಮೊದಲು. ಸ್ಟಾನ್ಲಿ ಕೂಬ್ರಿಕನು ‘ಬ್ಯಾರಿ ಲಿಂಡನ್’ (೧೯೭೫) ಚಿತ್ರದಲ್ಲಿ ಹದಿನೆಂಟನೆಯ ಶತಮಾನದ ರಾತ್ರಿಗಳನ್ನು ಮೇಣದ ಬತ್ತಿಯ ಬೆಳಕೊಂದರಿಂದಲೇ ತೋರಿಸಬೇಕೆಂದು ಹಟಹಿಡಿದಾಗ ಹುಡುಕಿದುದೂ ಹಳೆಯ ಮಸೂರವನ್ನಲ್ಲ. ಅಮೆರಿಕದ ಅಂತರಿಕ್ಷ ಸಂಸ್ಥೆಗಾಗಿ ಜೈಸ್ ಕಾರ್ಖಾನೆಯು ಮಾಡಿದ್ದ ಎಫ್ ೦.೭ ರಂಧ್ರದ ಮಸೂರವನ್ನು. ಇನ್ನೂರು ವರ್ಷ ಹಿಂದಿನ ಕೋಣೆಯೊಳಗೆ ಹೋಗಲು ಚಂದ್ರಯಾತ್ರೆಯ ಕಾಲದ ಕಣ್ಣು ಬೇಕಾಯಿತು.

ಹಳೆಯ ಮಸೂರದಿಂದಲೇ ಸಿದ್ಧಿಪಡೆದ ಉದಾಹರಣೆಯೂ ಇಲ್ಲದೆ ಇಲ್ಲ. ರಾಬರ್ಟ್ ಎಗರ್ಸ್ ನಿರ್ದೇಶಿಸಿ ಜಾರಿನ್ ಬ್ಲಾಶ್ಕೆ ಛಾಯಾಗ್ರಹಣ ಮಾಡಿದ ‘ದಿ ಲೈಟ್‌ಹೌಸ್’ (೨೦೧೯) ಚಿತ್ರದಲ್ಲಿ ೧೯೩೦ರ ದಶಕದ ಬಾಲ್ಟಾರ್ ಮಸೂರಗಳು ಬಳಕೆಯಾಗಿವೆ. ಆದರೆ ಅವುಗಳ ಜೊತೆಗೆ ಕಪ್ಪು ಬಿಳುಪಿನ ಫಿಲ್ಮೂ, ಕೆಂಪು ಬೆಳಕನ್ನು ತಡೆದು ಚರ್ಮದ ಒರಟನ್ನು ಎತ್ತಿ ತೋರಿಸುವ ಶೋಧಕವೂ, ಹೆಚ್ಚುಕಡಮೆ ಚೌಕವಾದ ಚೌಕಟ್ಟೂ ಕೂಡಿವೆ. ಕಡಲ ನಡುವಣ ಕಲ್ಲಿನ ಮೇಲೆ ಇಬ್ಬರು ಮನುಷ್ಯರ ಬುದ್ಧಿ ಕೆಡುವ ಕಥೆಗೆ ಈ ಒರಟುತನವೂ ಇಕ್ಕಟ್ಟೂ ಬೇಕು. ಅಲ್ಲಿ ಮಸೂರವು ಒಂದು ವಾದ್ಯ, ಕಛೇರಿಯಲ್ಲ. ಬೇರೆಲ್ಲವನ್ನೂ ಹೊಸದಾಗಿಯೇ ಇಟ್ಟು ಮಸೂರವೊಂದನ್ನು ಹಳೆಯದಾಗಿಸಿದರೆ, ಪದವೊಂದು ಹಳೆಯದಾಗಿ ವಾಕ್ಯವೆಲ್ಲ ಹೊಸದಾಗಿರುವ ಕಾವ್ಯದಂತೆ ಕಿವಿಗೆ ತೊಡಕಾಗುವುದು. ತ. ರಾ. ಸುಬ್ಬರಾಯರು ‘ದುರ್ಗಾಸ್ತಮಾನ’ (೧೯೮೨) ಕಾದಂಬರಿಯಲ್ಲಿ ೧೭೭೯ರಲ್ಲಿ ಮುಳುಗಿದ ದುರ್ಗದ ನಾಯಕರ ಆಳ್ವಿಕೆಯನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸಿದುದು ಹದಿನೆಂಟನೆಯ ಶತಮಾನದ ಬಖೈರಿನ ಭಾಷೆಯನ್ನು ಅನುಕರಿಸಿಯಲ್ಲ. ಆ ಕಾಲದ ಮನುಷ್ಯರ ಮನಸ್ಸನ್ನು ಹೊಕ್ಕು.

೫

ಈ ತತ್ತ್ವವನ್ನು ಭೀಮಸಮುದ್ರದ ನೆಲದ ಮೇಲೆ ಇಟ್ಟು ನೋಡಬಹುದು. ಚಿತ್ರಕಾರನಿಗೆ ಅಲ್ಲಿ ಮೂರು ಬಗೆಯ ವಸ್ತುಗಳು ದೊರೆಯುವುವು: ತೋಟ, ಕೆರೆ ಮತ್ತು ದುಡಿಮೆ. ಸ್ವಲ್ಪ ದೂರ ಸಾಗಿ ದುರ್ಗವನ್ನು ಸೇರಿದರೆ ನಾಲ್ಕನೆಯದಾಗಿ ಕಲ್ಲು.

ಅಡಕೆಯ ತೋಟದಲ್ಲಿ ನಿಂತು ಮೇಲಕ್ಕೆ ಅಥವಾ ದೂರಕ್ಕೆ ನೋಡಿದರೆ, ಗರಿಗಳ ಸಂದಿನಿಂದ ಬಿಸಿಲು ಸಾವಿರ ತುಣುಕುಗಳಾಗಿ ಇಳಿಯುವುದು. ಹೀಲಿಯೋಸ್ ಮಸೂರದ ಸುಳಿಯು ಎದ್ದು ಕಾಣುವುದಕ್ಕೆ ಇದಕ್ಕಿಂತ ತಕ್ಕ ಹಿನ್ನೆಲೆ ಬೇರಿಲ್ಲ. ಸುಳಿಗೆ ಬೇಕಾದುದು ದೂರದಲ್ಲಿ ಹರಡಿರುವ ಬೆಳಕಿನ ಚುಕ್ಕೆಗಳು, ಅವು ಅಲ್ಲಿ ಎಣಿಕೆಯಿಲ್ಲದಷ್ಟಿವೆ. ವಧುವೊಬ್ಬಳು ಆ ನೆರಳುಬೆಳಕಿನ ನಡುವೆ ನಿಂತಿರುವಾಗ ಸುತ್ತಣ ತೋಟವು ಅವಳನ್ನು ಬಳಸಿ ತಿರುಗುವಂತೆ ಕಂಡರೆ, ಆ ಹೊತ್ತಿನ ಆಕೆಯ ಮನಃಸ್ಥಿತಿಗೆ ಅದು ಒಪ್ಪಲೂಬಹುದು. ಕೆರೆಯ ನೀರಿನ ಮೇಲೆ ಸಂಜೆಯ ಬಿಸಿಲು ಮಿನುಗುವಾಗ ಟ್ರಯೋಪ್ಲಾನ್ ಎಂಬ ಮೂರು ಗಾಜಿನ ಜರ್ಮನ್ ಮಸೂರವು ಪ್ರತಿಯೊಂದು ಮಿನುಗನ್ನೂ ಅಂಚು ಬೆಳಗಿದ ಸೋಪಿನ ಗುಳ್ಳೆಯಂತೆ ಮಾಡಿ ತೋರಿಸುವುದು. ಇದೂ ಒಂದು ವಿನೋದ. ವಿನೋದವೆಂದೇ ತಿಳಿದು ಮಾಡಿದರೆ ತಪ್ಪಿಲ್ಲ.

ಆದರೆ ಅದೇ ತೋಟದ ಅಂಚಿನಲ್ಲಿ ಅಡಕೆಯನ್ನು ಸುಲಿಯುವ ಹೆಂಗಸರು ಕುಳಿತಿರುವರು. ಬೇಯಿಸುವ ಹಂಡೆಯ ಹೊಗೆಯೇಳುವುದು. ಕಣದಲ್ಲಿ ಬೆಂದ ಅಡಕೆಯು ಒಣಗುತ್ತ ಕೆಂಪೇರುವುದು. ಇಲ್ಲಿ ಸುಳಿಯನ್ನು ತಂದರೆ ಏನಾಗುವುದು? ದುಡಿಯುವ ಕೈಗಳ ಕರೆಯೂ ಬೆರಳಿನ ಗಾಯವೂ ಕತ್ತಿಯ ಅಲಗೂ ಒಂದು ಸವಿಗನಸಿನೊಳಗೆ ಕರಗಿಹೋಗುವುವು. ದಣಿದ ಮುಖವು ಮನೋಹರವಾಗಿ ಕಾಣುವುದು; ದಣಿವು ಕಾಣುವುದಿಲ್ಲ. ಅಡಕೆಯ ಕೆಂಪಿನಲ್ಲಿಯೇ ವ್ಯಾಪಾರಿಯು ಅದರ ತರವನ್ನು ಅಳೆಯುವನು. ಹಳದಿಗಟ್ಟಿದ ಮಸೂರವು ಆ ಕೆಂಪನ್ನೇ ಸುಳ್ಳುಮಾಡುವುದು. ಅಲ್ಲಿ ಮಸೂರದ ದೋಷವು ನಿತ್ಯದೋಷಕ್ಕೆ ಸಮಾನ, ಏಕೆಂದರೆ ಅದು ಸತ್ಯಕ್ಕೆ ಅಡ್ಡ ನಿಲ್ಲುವುದು.

ಕಲ್ಲಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ೧೯೨೯ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣರು ಕದಂಬ ಮಯೂರಶರ್ಮನ ಶಾಸನವನ್ನು ಬೆಳಕಿಗೆ ತಂದರು. ೧೯೪೭ರಲ್ಲಿ ಮಾರ್ಟಿಮರ್ ವೀಲರನು ಅಲ್ಲಿ ಉತ್ಖನನ ನಡೆಸಿದನು. ಸವೆದ ಬಂಡೆಯ ಮೇಲಿನ ಆ ಅಕ್ಷರಗಳ ಪಾಠದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಒಂದು ಗೆರೆ ಹೆಚ್ಚಾದರೆ ಒಂದು ರಾಜ್ಯದ ಹೆಸರು ಬರುವುದು, ಕಡಮೆಯಾದರೆ ಹೋಗುವುದು. ಇಂಥ ವಸ್ತುವಿನ ಮುಂದೆ ದೊರೆಯುವುದರಲ್ಲೆಲ್ಲ ತೀಕ್ಷ್ಣವಾದ ಮಸೂರವನ್ನು ಹಿಡಿದು, ಓರೆಯಾಗಿ ಬೀಳುವ ಬೆಳಕಿಗಾಗಿ ಕಾದು ನಿಲ್ಲುವುದೇ ಧರ್ಮ. ವಸ್ತುವು ಹಳೆಯದಾದಷ್ಟೂ ಅದನ್ನು ನೋಡುವ ಕಣ್ಣು ಚುರುಕಾಗಿರಬೇಕು. ‘ಸ್ಥಳವು ಹಳೆಯದು, ನೋಟವೂ ಹಳೆಯದಾಗಲಿ’ ಎಂಬ ತರ್ಕವು ಈ ಬಂಡೆಗೆ ತಾಗಿ ಒಡೆಯುವುದು.

೬

ಇಷ್ಟನ್ನು ತಿಳಿದೂ ಹಳೆಯ ಮಸೂರವನ್ನು ಆರಿಸುವವರಿಗೆ ಕೆಲವು ಮಾತುಗಳು ಉಪಯುಕ್ತವಾಗಬಹುದು. ಹುಟ್ಟಿನಿಂದ ಬಂದ ಸ್ವಭಾವವೂ ಕಾಲದಿಂದ ಬಂದ ರೋಗವೂ ಬೇರೆ ಬೇರೆ. ಸುಳಿ, ಮೃದುಕಾಂತಿಗಳು ಸ್ವಭಾವ; ಬೂಷ್ಟು, ಗಾಜುಗಳ ನಡುವಣ ಅಂಟು ಬಿಟ್ಟುಕೊಂಡಿರುವುದು, ರಂಧ್ರದ ಎಸಳುಗಳಿಗೆ ಎಣ್ಣೆ ಹತ್ತಿರುವುದು ರೋಗ. ಮಳೆಗಾಲದ ತೇವದಲ್ಲಿ ಪೆಟ್ಟಿಗೆಯೊಳಗೆ ಮುಚ್ಚಿಟ್ಟ ಮಸೂರಕ್ಕೆ ಬೂಷ್ಟು ಹಿಡಿದರೆ ಅದು ಮೇಲಿನ ಲೇಪವನ್ನು ಕೊರೆಯುವುದು; ಒರಸಿದರೂ ಗುರುತು ಹೋಗದು. ಆದುದರಿಂದ ಕೊಳ್ಳುವ ಮುಂಚೆ ಹಿಂದಿನಿಂದ ದೀಪವನ್ನು ಹಾಯಿಸಿ ಒಳಗನ್ನು ನೋಡತಕ್ಕದ್ದು. ಯುದ್ಧಾನಂತರದ ಕೆಲವು ಮಸೂರಗಳ ಗಾಜಿನಲ್ಲಿ ಥೋರಿಯಂ ಧಾತುವನ್ನು ಬೆರಸುತ್ತಿದ್ದರು. ಕಾಲಕ್ರಮದಲ್ಲಿ ಅವು ಚಹದ ಬಣ್ಣಕ್ಕೆ ತಿರುಗುವುವು. ಅದನ್ನು ಹಳೆಗಾಲದ ಹೊಂಬಣ್ಣವೆಂದು ಹೊಗಳುವವರಿದ್ದಾರೆ. ನೇರಳಾತೀತ ಕಿರಣಗಳಲ್ಲಿ ಕೆಲವು ದಿನವಿಟ್ಟರೆ ಆ ಬಣ್ಣವು ಬಹುಪಾಲು ಇಳಿದುಹೋಗುವುದೆಂಬುದರಿಂದಲೇ ಅದು ಸ್ವಭಾವವಲ್ಲ, ಕಾಲದ ಕಲೆಯೆಂಬುದು ಗೊತ್ತಾಗುವುದು.

ಮತ್ತೊಂದು: ಸುಳಿಯು ಹುಟ್ಟುವುದು ಅಂಚಿನಲ್ಲಿ. ೩೬ಕ್ಕೆ ೨೪ ಮಿಲಿಮೀಟರಿನ ಹಳೆಯ ಫಿಲ್ಮಿನ ಅಳತೆಗಾಗಿ ಮಾಡಿದ ಮಸೂರವನ್ನು ಅದಕ್ಕಿಂತ ಕಿರಿದಾದ ಬಿಂಬಫಲಕದ ಕ್ಯಾಮರಾಕ್ಕೆ ಜೋಡಿಸಿದರೆ ಅಂಚೆಲ್ಲ ಕತ್ತರಿಸಿಹೋಗಿ ನಡುವಣ ಸ್ಪಷ್ಟಭಾಗವೇ ಉಳಿಯುವುದು. ಯಾವುದಕ್ಕಾಗಿ ಹಣ ತೆತ್ತನೋ ಅದೇ ಕೈಗೆ ಬಾರದು. ಇನ್ನು, ಒಂದೇ ವಸ್ತುವನ್ನು ರಂಧ್ರವನ್ನು ಪೂರ್ತಿ ತೆರೆದು ಒಮ್ಮೆ, ಎರಡು ಮೆಟ್ಟಲು ಕಿರಿದುಮಾಡಿ ಒಮ್ಮೆ, ಮಸೂರದ ಮುಂದೆ ಬಿಸಿಲನ್ನು ತಡೆಯುವ ಮರೆಯನ್ನಿಟ್ಟು ಒಮ್ಮೆ ತೆಗೆದು ನೋಡಿದರೆ, ಅನೇಕ ಹಳೆಯ ಮಸೂರಗಳು ತಮ್ಮ ಮುಪ್ಪನ್ನು ಕಳಚಿ ಇಂದಿನವುಗಳೊಡನೆ ಸರಿಸಮನಾಗಿ ನಿಲ್ಲುವುದನ್ನು ಕಾಣಬಹುದು. ಹಳಬರು ಅವುಗಳಿಂದ ಕೆಲಸಮಾಡಿಸುತ್ತಿದ್ದುದು ಹಾಗೆ. ಈ ಪರೀಕ್ಷೆಯನ್ನು ಮಾಡಿದವನು ಮಬ್ಬನ್ನು ಆರಿಸಿಕೊಂಡರೆ ಅದು ಆಯ್ಕೆ; ಮಾಡದವನ ಮಬ್ಬು ಬರಿಯ ಮಬ್ಬು.

ಕಡೆಯ ಮಾತೊಂದುಳಿದಿದೆ. ಹಳೆಯ ನೋಟದ ಈ ಹಂಬಲವು ಪ್ರೀತಿಯಿಂದಲೇ ಹುಟ್ಟಿದುದು. ಹಿಂದಿನವರ ಕಡೆಗೆ ಒಂದು ಹೆಜ್ಜೆ ಹತ್ತಿರ ಹೋಗಬೇಕೆಂಬ ಆಸೆ ಅದರ ತಳದಲ್ಲಿದೆ. ಅದನ್ನು ಹಾಸ್ಯಮಾಡುವುದು ಸಲ್ಲದು. ಆದರೆ ಆ ಹೆಜ್ಜೆಯು ಬೀಳುವ ದಿಕ್ಕನ್ನು ನೋಡಿಕೊಳ್ಳಬೇಕು. ಮನೆಯ ಗೋಡೆಯ ಮೇಲಿನ ಪಟದಲ್ಲಿ ಕುಳಿತಿರುವ ಮುತ್ತಜ್ಜನು ಆ ದಿನ ಪೇಟವನ್ನು ಸರಿಪಡಿಸಿಕೊಂಡು, ಕೋಟಿನ ಗುಂಡಿಗಳನ್ನು ಹಾಕಿಕೊಂಡು, ಉಸಿರು ಹಿಡಿದು, ಕಣ್ಣು ಮಿಟುಕಿಸದೆ ಕುಳಿತನು. ತನ್ನ ಮುಖವು ಮೊಮ್ಮಕ್ಕಳಿಗೆ ಸ್ಪಷ್ಟವಾಗಿ ಕಾಣಲೆಂಬುದೇ ಅವನ ಕೋರಿಕೆಯಾಗಿದ್ದಿತು. ಅವನ ಕಾಲವು ಅವನಿಗೆ ಮಬ್ಬಾಗಿರಲಿಲ್ಲ. ಬಿಸಿಲು ಅಂದೂ ಇಷ್ಟೇ ಪ್ರಖರವಾಗಿದ್ದಿತು, ಅಡಕೆಯ ಗರಿಯು ಇಷ್ಟೇ ಹಸುರಾಗಿದ್ದಿತು, ಸಾಲದ ಚೀಟಿಯ ಅಕ್ಷರಗಳು ಇಷ್ಟೇ ನಿಚ್ಚಳವಾಗಿದ್ದುವು. ಹಿಂದಿನ ಕಾಲವನ್ನೆಲ್ಲ ಹೊಂಬಣ್ಣದ ಹೊಗೆಯಲ್ಲಿ ಮುಳುಗಿಸಿ ನೋಡುವ ಅಭ್ಯಾಸವು ಬೆಳೆದರೆ, ಹಿರಿಯರ ಸುಖವೂ ಸುಳ್ಳಾಗುವುದು, ಅವರ ಕಷ್ಟವೂ ಸುಳ್ಳಾಗುವುದು. ಕವಿರಾಜಮಾರ್ಗಕಾರನು ಹಳೆಯ ಪದಗಳನ್ನು ಹಳೆಯ ಕಾವ್ಯಗಳಲ್ಲಿಯೇ ಸವಿಯಬೇಕೆಂದುದು ಅವುಗಳ ಮೇಲಣ ಅನಾದರದಿಂದಲ್ಲ, ಅವುಗಳ ಮಾನವನ್ನು ಕಾಯುವುದಕ್ಕಾಗಿ. ಹಳೆಯ ಮಸೂರದ ಮಾನವೂ ಅದನ್ನು ಔಚಿತ್ಯವರಿತು ಬಳಸುವವರ ಕೈಯಲ್ಲಿದೆ.